ಒಂದೇ ಕೊಳೆರೋಗ, ನಾಲ್ಕು ಬಗೆಯ ಓದುಗರು

ಪ್ರಶ್ನೆ: ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ಈ ಸಲದ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಕೊಳೆರೋಗ ಬಂದು ಬೆಳೆಯ ಬಹುಪಾಲು ಉದುರಿಹೋಯಿತು. ಆ ಅನುಭವವನ್ನು ಒಂಬತ್ತು ಪುಟ ಬರೆದು ಒಂದು ದಿನಪತ್ರಿಕೆಗೆ, ಒಂದು ಕೃಷಿ ಪತ್ರಿಕೆಗೆ, ಊರಿನ ಸಂಘದ ಸ್ಮರಣ ಸಂಚಿಕೆಗೆ ಕಳಿಸಿದೆ. ಪರಿಹಾರ ಕೋರಿ ಕಚೇರಿಗೆ ಹೋದಾಗ ಅದರದೇ ಪ್ರತಿಯನ್ನು ಅರ್ಜಿಯೆಂದು ಕೊಟ್ಟು ಬಂದೆ. ಸ್ಮರಣ ಸಂಚಿಕೆಯವರು ಮಾತ್ರ ಅಚ್ಚು ಹಾಕಿದರು. ಉಳಿದ ಮೂರು ಕಡೆಯಿಂದ ಉತ್ತರವಿಲ್ಲ. ಯಾರು ಓದುತ್ತಾರೆಂದು ನೋಡಿಕೊಂಡು ಬರೆಯಬೇಕು ಎಂದು ಗೆಳೆಯರು ಹೇಳುತ್ತಾರೆ. ಆದದ್ದು ಒಂದೇ ಆಗಿರುವಾಗ ಓದುವವರಿಗೆ ತಕ್ಕಂತೆ ಬದಲಿಸಿ ಬರೆದರೆ ಅದು ಸುಳ್ಳಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದ ಜತೆ ಬಂದ ಒಂಬತ್ತೂ ಪುಟಗಳನ್ನು ಓದಿದ್ದೇನೆ. ಬರಹ ಚೆನ್ನಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೂರು ಕಡೆಯಿಂದ ಉತ್ತರ ಬಾರದೆ ಹೋದಾಗ ಬರೆದವರು ತಮ್ಮ ಶಕ್ತಿಯನ್ನೇ ಅನುಮಾನಿಸತೊಡಗುತ್ತಾರೆ. ನಿಮ್ಮ ಕನ್ನಡ ಶುದ್ಧವಾಗಿದೆ, ಅನುಭವ ಗಟ್ಟಿಯಾಗಿದೆ. ತೊಡಕಿರುವುದು ಬೇರೆ ಕಡೆ: ಆ ಒಂಬತ್ತು ಪುಟಗಳಲ್ಲಿ ನಾಲ್ಕು ಬರಹಗಳು ಒಂದರೊಳಗೊಂದು ಸೇರಿಕೊಂಡಿವೆ. ಪ್ರತಿಯೊಬ್ಬ ಓದುಗನೂ ತನಗೆ ಬೇಕಾದದ್ದನ್ನು ಮುಟ್ಟಬೇಕಾದರೆ ತನಗೆ ಬೇಡದ ಮೂರನ್ನು ದಾಟಿಕೊಂಡು ಹೋಗಬೇಕು. ದಿನಕ್ಕೆ ಹತ್ತಾರು ಬರಹ ನೋಡುವ ಸಂಪಾದಕರಿಗೂ, ಕಡತಗಳ ನಡುವೆ ಕುಳಿತ ನೌಕರರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ.

ಓದುಗನನ್ನು ಗಮನದಲ್ಲಿಡುವುದೆಂದರೆ ಭಾಷೆಯನ್ನು ಸರಳಗೊಳಿಸುವುದು ಅಥವಾ ಅಲಂಕರಿಸುವುದು ಎಂದು ಹಲವರು ತಿಳಿದಿದ್ದಾರೆ. ಭಾಷೆಯ ಮಾತು ಬರುವುದು ಬಹಳ ನಂತರ. ಮೊದಲು ತೀರ್ಮಾನವಾಗಬೇಕಾದದ್ದು, ಈ ಬರಹವನ್ನು ಕೈಗೆತ್ತಿಕೊಳ್ಳುವವರಿಗೆ ಈಗಾಗಲೇ ಏನು ಗೊತ್ತಿದೆ ಮತ್ತು ಓದಿ ಮುಗಿಸಿದ ಮೇಲೆ ಅವರು ಏನು ಮಾಡಬೇಕಾಗಿದೆ ಎಂಬುದು. ಅದು ಸ್ಪಷ್ಟವಾದರೆ ಯಾವ ಸಂಗತಿ ಒಳಗೆ ಬರಬೇಕು, ಯಾವುದು ಹೊರಗುಳಿಯಬೇಕು, ಯಾವುದು ಮೊದಲ ಸಾಲಿನಲ್ಲೇ ನಿಲ್ಲಬೇಕು ಎಂಬುದು ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ. ಪ್ರಕಾರವೆಂಬುದು ಇದರ ಮುಂದಿನ ಹೆಜ್ಜೆ. ಅರ್ಜಿ, ವರದಿ, ಕೃಷಿ ಲೇಖನ, ಪ್ರಬಂಧ ಎಂಬ ಒಂದೊಂದು ಪ್ರಕಾರವೂ ಬಹಳ ಜನ ಬಹಳ ಕಾಲ ಬರೆದು, ಓದಿ ರೂಢಿಗೆ ತಂದ ಕ್ರಮ. ಆ ಕ್ರಮ ಕಂಡ ಕೂಡಲೇ ಓದುಗನಿಗೆ ಯಾವ ಮಾಹಿತಿ ಎಲ್ಲಿ ಸಿಗುತ್ತದೆ ಎಂಬ ಅಂದಾಜು ಬರುತ್ತದೆ. ಬರೆಯುವವನು ಅದನ್ನು ಮುರಿಯಬಾರದೆಂದಲ್ಲ. ಆದರೆ ಮುರಿಯುತ್ತಿದ್ದೇನೆ ಎಂಬ ಅರಿವು ಅವನಿಗಿರಬೇಕು.

ನಿಮ್ಮ ಅರ್ಜಿಯಿಂದಲೇ ಆರಂಭಿಸುತ್ತೇನೆ, ಅತಿ ಹೆಚ್ಚು ನಷ್ಟವಾಗಿರುವುದು ಅಲ್ಲಿ. ನಿಮ್ಮ ಮೊದಲ ಪುಟ ಹೀಗೆ ತೆರೆದುಕೊಳ್ಳುತ್ತದೆ: “ಆರಿದ್ರೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬೆಳಗಾಗಿ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿಯೇ ಕಾಯಿ.” ಮನಸ್ಸಿಗೆ ನಾಟುವ ಸಾಲುಗಳು. ಆದರೆ ಕಚೇರಿಯಲ್ಲಿ ಇವುಗಳನ್ನು ಮೊದಲು ಓದುವವರು ಯಾರು? ನೀವು ಬರೆದದ್ದು ತಹಸೀಲ್ದಾರರಿಗೆ. ಅದು ಮೊದಲು ತಲುಪುವುದು ಆವಕ ವಿಭಾಗಕ್ಕೆ, ಅಲ್ಲಿಂದ ವಿಷಯ ನಿರ್ವಾಹಕರ ಮೇಜಿಗೆ. ಅವರು ಅರ್ಜಿಯನ್ನು ಓದಿ ಕಡತದಲ್ಲಿ ಟಿಪ್ಪಣಿ ಬರೆಯುತ್ತಾರೆ. ಆ ಟಿಪ್ಪಣಿಯ ಮೇಲೆ ಮೇಲಿನವರು ಆದೇಶ ಬರೆಯುತ್ತಾರೆ. ಅದರ ಮೇಲೆ ಗ್ರಾಮ ಮಟ್ಟದ ಅಧಿಕಾರಿ ಸ್ಥಳಕ್ಕೆ ಬಂದು ನೋಡಿ ವರದಿ ಕೊಡುತ್ತಾರೆ. ಹೀಗಾಗಿ ಅರ್ಜಿಯ ವಿಳಾಸದಲ್ಲಿರುವ ವ್ಯಕ್ತಿಯೇ ಅದರ ನಿಜವಾದ ಓದುಗನಾಗಿರಬೇಕಿಲ್ಲ. ಒಳ್ಳೆಯ ಅರ್ಜಿಯ ಮುಖ್ಯ ವಾಕ್ಯವನ್ನು ವಿಷಯ ನಿರ್ವಾಹಕರು ತಮ್ಮ ಟಿಪ್ಪಣಿಗೆ ಹಾಗೆಯೇ ಎತ್ತಿಕೊಳ್ಳಲು ಸಾಧ್ಯವಾಗಬೇಕು. “ಹಸಿರು ಕಾಯಿಯೇ ಕಾಯಿ” ಎಂಬುದನ್ನು ಅವರು ಎಲ್ಲಿ ಬರೆದುಕೊಳ್ಳಬೇಕು?

ನಿಮ್ಮ ಒಂಬತ್ತು ಪುಟಗಳಲ್ಲಿ ಚದುರಿಹೋಗಿರುವ ಸಂಗತಿಗಳನ್ನೇ ಹೆಕ್ಕಿ ಜೋಡಿಸಿದರೆ ಆ ವಾಕ್ಯ ಹೀಗಾಗುತ್ತದೆ: “ಸದರಿ ಗ್ರಾಮದ ಇಂತಿಂಥ ಸರ್ವೆ ನಂಬರ್ ಮತ್ತು ಹಿಸ್ಸಾದಲ್ಲಿರುವ, ನನ್ನ ಹೆಸರಿನಲ್ಲಿ ಪಹಣಿ ಇರುವ ಅಡಿಕೆ ತೋಟದಲ್ಲಿ ಜುಲೈ ಕೊನೆಯ ವಾರದಿಂದ ಕೊಳೆರೋಗ ಹರಡಿ ಬೆಳೆ ನಷ್ಟವಾಗಿರುವುದರಿಂದ, ಸ್ಥಳ ಪರಿಶೀಲನೆ ನಡೆಸಿ ನಿಯಮಾನುಸಾರ ಪರಿಹಾರ ಮಂಜೂರು ಮಾಡಬೇಕೆಂದು ಕೋರುತ್ತೇನೆ.” ಇದರ ಮೇಲೆ ಒಂದು ಸಾಲಿನ ‘ವಿಷಯ’, ಕೆಳಗೆ ವಿಸ್ತೀರ್ಣ, ನಷ್ಟದ ನಿಮ್ಮ ಅಂದಾಜು, ಲಗತ್ತುಗಳ ವಿವರ. ಒಂದು ಪುಟ ಸಾಕು. ನಿಮ್ಮ ಬರಹದಲ್ಲಿ ಸರ್ವೆ ನಂಬರ್ ಬರುವುದು ಏಳನೆಯ ಪುಟದ ನಡುವೆ, ಅದೂ ಅಜ್ಜನ ಕಾಲದ ಪಾಲುಪಟ್ಟಿಯ ಕಥೆ ಹೇಳುವಾಗ. ಅಲ್ಲಿಯವರೆಗೆ ಓದಿಕೊಂಡು ಬರುವ ವ್ಯವಧಾನವನ್ನು ಯಾವ ಕಚೇರಿಯಿಂದಲೂ ನಿರೀಕ್ಷಿಸಬೇಡಿ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಬರಹದಲ್ಲಿ ವಿಮೆಯ ಪ್ರಸ್ತಾಪವೂ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ಲೆಕ್ಕ ನಡೆಯುವುದು ದಾಖಲಾದ ಹವಾಮಾನದ ಅಂಕಿಗಳ ಮೇಲೆ. ಆ ಬಗ್ಗೆ ತಕರಾರು ಬರೆಯುವುದಾದರೆ ಉದುರಿದ ಕಾಯಿಯ ವರ್ಣನೆ ಇರಲಿ, ಕಾಯಿಯ ಲೆಕ್ಕವೂ ಅಷ್ಟು ಉಪಯೋಗಕ್ಕೆ ಬಾರದು. ಯಾವ ಮಳೆಮಾಪನ ಕೇಂದ್ರದ ಯಾವ ದಿನಗಳ ಅಂಕಿ ನಿಮ್ಮ ಊರಿನ ಮಳೆಗೆ ಹೊಂದುತ್ತಿಲ್ಲ ಎಂಬುದನ್ನೇ ಬರೆಯಬೇಕು. ಎರಡೂ ಕಚೇರಿಯ ಪತ್ರಗಳೇ, ನಷ್ಟವೂ ಒಂದೇ. ಆದರೂ ಓದುವವರು ತೀರ್ಮಾನ ಕೈಗೊಳ್ಳುವ ಆಧಾರ ಬೇರೆಯಾದ್ದರಿಂದ ಒಳಗಿನ ಸಂಗತಿಗಳೇ ಬೇರೆಯಾಗುತ್ತವೆ.

ಈಗ ಕೃಷಿ ಪತ್ರಿಕೆ. ಇಲ್ಲಿಯ ಓದುಗ ನಿಮ್ಮಂತೆಯೇ ಅಡಿಕೆ ಬೆಳೆಗಾರ. ಕೊಳೆ ಬಂದರೆ ಹೊಟ್ಟೆಗೆ ಹೇಗೆ ತಟ್ಟುತ್ತದೆ ಎಂದು ಅವನಿಗೆ ನೀವು ಹೇಳಬೇಕಿಲ್ಲ. ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತೆ ಕಲೆ ಕಾಣಿಸಿಕೊಳ್ಳುವುದು, ಕಾಯಿ ಹೊಳಪು ಕಳೆದುಕೊಂಡು ಉದುರುವುದು, ಬಿದ್ದ ಕಾಯಿಯ ಮೇಲೆ ಬಿಳಿ ಬೂಸಲು ಹಬ್ಬುವುದು ಎಲ್ಲವನ್ನೂ ಅವನು ಕಂಡವನು. ನೀವು ಇವುಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಅವನು ನಿಜಕ್ಕೂ ತಿಳಿಯಬಯಸುವ ಜಾಗಕ್ಕೆ ಬಂದಾಗ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ: “ಎಂದಿನಂತೆ ಬೋರ್ಡೋ ಕೂಡಿಸಿ ಮದ್ದು ಹೊಡೆಸಿದೆವು.” ಆ “ಎಂದಿನಂತೆ” ಎಂಬಲ್ಲಿಯೇ ಬೆಳೆಗಾರ ತಡೆದು ನಿಲ್ಲುತ್ತಾನೆ. ಶೇ. 1ರ ದ್ರಾವಣವೇ? ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿದಿರೇ? ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದಿರೋ, ಅವಸರದಲ್ಲಿ ತಿರುವುಮುರುವಾಯಿತೋ? ಸುಣ್ಣ ಹೊಸದೇ, ಗಾಳಿಗೆ ತೆರೆದಿಟ್ಟ ಹಳೆಯದೇ? ಕಬ್ಬಿಣದ ಚೂರಿ ಅದ್ದಿ ನೋಡಿದಾಗ ಅದರ ಮೇಲೆ ತಾಮ್ರದ ಕೆಂಪು ಹಿಡಿಯಿತೇ, ಹಿಡಿದಿದ್ದರೆ ಮತ್ತೆ ಸುಣ್ಣ ಸೇರಿಸಿದಿರೇ? ಕೂಡಿಸಿದ ದಿನವೇ ಹೊಡೆದು ಮುಗಿಸಿದಿರೇ? ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಕ್ಕಿದ್ದು ಯಾವ ತಾರೀಖಿಗೆ?

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ನಿಮ್ಮ ಐದನೆಯ ಪುಟದ ಅಡಿಯಲ್ಲಿ ಅಡಗಿ ಕುಳಿತಿದೆ. ಮೊದಲ ಮದ್ದನ್ನು ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನವೇ ಹೊಡೆದಿದ್ದೀರಿ. ಎರಡನೆಯದು 40ರಿಂದ 45 ದಿನಕ್ಕೆ, ಅಂದರೆ ಜುಲೈ ನಡುವಿಗೆ ಆಗಬೇಕಿತ್ತು. ಮಳೆ ಬಿಡುವು ಕೊಡದೆ ಅದು ತಪ್ಪಿತು, ಜುಲೈ ಕೊನೆಗೆ ಕಾಯಿ ಉದುರತೊಡಗಿತು. ಆದರೆ ಅದೇ ತೋಟದ ಮೇಲಿನ ತುಂಡಿನಲ್ಲಿ, ಹಳೆಯ ಕ್ರಮದಂತೆ ಕೊನೆಗಳಿಗೆ, ಅಂದರೆ ಅಡಿಕೆಯ ಗೊನೆಗಳಿಗೆ, ಮಳೆನೀರು ತಾಗದಂತೆ ಕೊಟ್ಟೆಯೆಂಬ ಹೊದಿಕೆ ಕಟ್ಟಿಸಿದ್ದ ಕೆಲವು ಮರಗಳಲ್ಲಿ ಕಾಯಿ ಉಳಿಯಿತು ಎಂದು ಬರೆದಿದ್ದೀರಿ. ಕೃಷಿ ಪತ್ರಿಕೆಯ ಲೇಖನ ಹುಟ್ಟುವುದೇ ಇಲ್ಲಿ. ಎಷ್ಟು ಮರ, ಯಾವ ಕೊಟ್ಟೆ, ಕೂಲಿ ಎಷ್ಟಾಯಿತು, ಆ ತುಂಡಿಗೆ ಗಾಳಿ ಬೆಳಕು ಹೆಚ್ಚಾಗಿ ಬರುತ್ತದೆಯೇ ಎಂಬುದನ್ನೆಲ್ಲ ಬರೆಯಿರಿ. ಕೊನೆಯದು ಬಹಳ ಮುಖ್ಯ, ಏಕೆಂದರೆ ಕಾಯಿ ಉಳಿದದ್ದು ಕೊಟ್ಟೆಯಿಂದಲೋ ಬಿಸಿಲಿನಿಂದಲೋ ಎಂಬ ಸಂಶಯ ಅನುಭವಿ ಓದುಗನಿಗೆ ಬಂದೇ ಬರುತ್ತದೆ. ಅವನ ಸಂಶಯವನ್ನು ನೀವೇ ಮೊದಲು ಎತ್ತಿದರೆ ನಿಮ್ಮ ಉಳಿದ ಮಾತುಗಳ ಮೇಲೂ ಅವನಿಗೆ ನಂಬಿಕೆ ಹುಟ್ಟುತ್ತದೆ.

ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಎಂಬ ಮಾತನ್ನೇ ತನ್ನ ನಿಲುವಾಗಿಸಿಕೊಂಡು ನಡೆದದ್ದು ಕನ್ನಡದ ಕೃಷಿ ಬರವಣಿಗೆಗೆ ದೊಡ್ಡ ಉಪಕಾರ ಮಾಡಿತು. ಕೃಷಿಕನೇ ಕೃಷಿಕನಿಗಾಗಿ ಬರೆಯುವಾಗ ಪ್ರಕಾರಕ್ಕೆ ತನ್ನದೇ ಶಿಸ್ತು ಬರುತ್ತದೆ: ಖರ್ಚು ಹೇಳಬೇಕು, ಸೋತದ್ದನ್ನೂ ಹೇಳಬೇಕು, ಓದಿದವನು ಬಂದು ನೋಡಬಹುದಾದಷ್ಟು ಖಚಿತವಾಗಿ ಹೇಳಬೇಕು. ನಿಮ್ಮ ಬಳಿ ಈ ಮೂರಕ್ಕೂ ಸರಕಿದೆ.

ದಿನಪತ್ರಿಕೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಲ್ಲಿ ನಿಮಗೆ ಎರಡು ದಾರಿಗಳಿವೆ. ವಾಚಕರ ಪತ್ರವಾದರೆ ಒಂದೇ ಅಂಶ, ಕೆಲವೇ ಸಾಲು. ಲೇಖನವಾದರೆ ಮುಖ್ಯ ಸಂಗತಿ ಮೊದಲ ಪ್ಯಾರಾದಲ್ಲೇ ಬರಬೇಕು, ಏಕೆಂದರೆ ಜಾಗ ಸಾಲದಿದ್ದಾಗ ಪುಟ ಕಟ್ಟುವವರು ಕತ್ತರಿಸುವುದು ಕೊನೆಯಿಂದ. ದಿನಪತ್ರಿಕೆಯ ಓದುಗನಿಗೆ ಅತ್ಯಂತ ಬೆಲೆಯುಳ್ಳ ನಿಮ್ಮ ಮಾತು ಕೊನೆಯ ಪುಟದಲ್ಲಿದೆ. ಅಲ್ಲದೆ ದಿನಪತ್ರಿಕೆಗೆ “ಇಂದೇಕೆ” ಎಂಬ ಪ್ರಶ್ನೆಗೆ ಉತ್ತರ ಬೇಕು. ಕೊಯ್ಲಿನ ಹೊತ್ತಿನಲ್ಲಿ ಮಾರುಕಟ್ಟೆಗೆ ಬರುವ ಅಡಿಕೆ ಕಡಿಮೆಯಾಗುವುದಾದರೆ ಅದು ಸುದ್ದಿ. ಕೊಳೆರೋಗದಿಂದ ರೈತರು ಕಷ್ಟಪಡುತ್ತಾರೆ ಎಂಬುದು ಯಾವ ವರ್ಷಕ್ಕೂ ಹೊಂದುವ ಮಾತು.

ಆದರೆ ದಿನಪತ್ರಿಕೆಯ ನೆಪದಲ್ಲಿ ನಮ್ಮ ಜಿಲ್ಲೆಯ ಒಂದು ವಿಶೇಷವನ್ನು ಹೇಳಲೇಬೇಕು. ಉತ್ತರ ಕನ್ನಡದ ಓದುಗರೆಂದರೆ ಒಂದೇ ಬಗೆಯವರಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ “ಕೊನೆ”, “ಸಿಂಗಾರ”, “ಸೊಪ್ಪಿನ ಬೆಟ್ಟ” ಎಂದರೆ ವಿವರಣೆ ಬೇಕಿಲ್ಲ. ಘಟ್ಟ ಇಳಿದು ಕಾರವಾರದ ಬಂದರಿನ ಬಳಿ ಮೀನು ವ್ಯಾಪಾರ ಮಾಡುವ, ಮನೆಯಲ್ಲಿ ಕೊಂಕಣಿ ಆಡಿ ಕನ್ನಡ ಪತ್ರಿಕೆ ಓದುವ ಮನುಷ್ಯನಿಗೆ ಇವು ಕೇಳಿದ ಶಬ್ದಗಳು, ಕಂಡ ವಸ್ತುಗಳಲ್ಲ. ಅವನು ರಂಪಣಿಯ ಬಗ್ಗೆ ಬರೆದರೆ ನಿಮ್ಮ ಸ್ಥಿತಿಯೂ ಹಾಗೆಯೇ: ದಡದಿಂದಲೇ ಹತ್ತಾರು ಮಂದಿ ಎರಡೂ ತುದಿ ಹಿಡಿದು ಎಳೆಯುವ ಆ ದೊಡ್ಡ ಬಲೆಯನ್ನು, ಅದರಲ್ಲಿ ಬಂಗಡೆ, ತಾರ್ಲೆ ಬಂದು ಬೀಳುವುದನ್ನು, ಯಾಂತ್ರಿಕ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ಅದು ಹಿಂದೆ ಸರಿದದ್ದನ್ನು ಅವನು ಬಿಡಿಸಿ ಹೇಳದೆ ನಿಮಗೆ ತಿಳಿಯಲಾರದು. ಜಿಲ್ಲೆಯ ಆವೃತ್ತಿಗೆ ಬರೆಯುವಾಗ ಅರ್ಧ ಓದುಗರು ತೋಟ ಕಂಡವರು, ಇನ್ನರ್ಧ ಕಡಲು ಕಂಡವರು ಎಂಬುದು ನೆನಪಿರಲಿ. ಇದಕ್ಕೆ ಪರಿಹಾರವೆಂದು ಪ್ರತಿ ಶಬ್ದಕ್ಕೂ ಅರ್ಥ ಕೊಡುತ್ತ ಹೋದರೆ ಬೆಳೆಗಾರನಿಗೆ ಬೇಸರ ಬರುತ್ತದೆ. ಶಬ್ದವನ್ನು ಕ್ರಿಯೆಯೊಳಗೆ ಇಟ್ಟುಬಿಡುವುದು ಲೇಸು. “ಅಡಿಕೆಯ ಕೊನೆಗೆ ಮಳೆನೀರು ತಾಗದಂತೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿಸಿದೆವು” ಎಂದು ಬರೆದರೆ ಕೊಟ್ಟೆ ಏನು, ಏಕೆ, ಎಲ್ಲಿ ಎಂಬುದೆಲ್ಲ ಕಾರವಾರದವನಿಗೆ ತಿಳಿಯುತ್ತದೆ, ಶಿರಸಿಯವನಿಗೆ ಪಾಠ ಹೇಳಿದಂತೆಯೂ ಆಗುವುದಿಲ್ಲ.

ಇದೇ ವಿಷಯದ ಮೇಲೆ ಮುಂದೆ ಕಾರವಾರ ಆಕಾಶವಾಣಿಗೆ ಭಾಷಣ ಬರೆಯುವ ಸಂದರ್ಭ ಬಂದರೆ ಮತ್ತೊಂದು ಎಚ್ಚರ ಬೇಕು. ಕೇಳುಗ ಹಿಂದಿನ ಸಾಲಿಗೆ ಮರಳಲಾರ. ಅಳತೆಗಳನ್ನು ಒಂದೊಂದಾಗಿ, ನಡುವೆ ಉಸಿರು ಬಿಟ್ಟು ಹೇಳಬೇಕು. ಕ್ರಿಯಾಪದಕ್ಕಾಗಿ ಬಹಳ ಕಾಯಿಸುವ ಉದ್ದ ವಾಕ್ಯ ಅಲ್ಲಿ ನಿಲ್ಲುವುದಿಲ್ಲ.

ಸ್ಮರಣ ಸಂಚಿಕೆಯವರು ನಿಮ್ಮ ಬರಹವನ್ನು ಏಕೆ ಒಪ್ಪಿದರು ಎಂಬುದನ್ನೂ ಯೋಚಿಸಬೇಕು. ಆ ಓದುಗರು ನಿಮ್ಮವರು. ನಿಮ್ಮ ಅಜ್ಜನನ್ನು ಬಲ್ಲವರು, ಪಾಲುಪಟ್ಟಿಯ ಕಥೆಯನ್ನು ಅರ್ಧ ಕೇಳಿದವರು. ಅವರಿಗೆ ಮಾಹಿತಿ ಬೇಕಿರಲಿಲ್ಲ, ನಿಮ್ಮ ದನಿ ಬೇಕಿತ್ತು. ಲಲಿತ ಪ್ರಬಂಧದ ಓದುಗ ಹೀಗೆಯೇ. ಅವನು ಬರೆಯುವವನ ಜತೆ ನಡೆಯಲು ಸಿದ್ಧನಾಗಿ ಬರುತ್ತಾನೆ, ಎಲ್ಲಿಗೆ ತಲುಪುತ್ತೇವೆಂದು ಅವಸರಪಡುವುದಿಲ್ಲ. ಆರಿದ್ರೆ ಮಳೆಯ ಸಾಲುಗಳು ಸಲ್ಲಬೇಕಾದದ್ದು ಅಲ್ಲಿಗೆ. ಅಲ್ಲಿಯೂ ಬೋರ್ಡೋ ದ್ರಾವಣದ ಪುಟ ಭಾರವಾಯಿತೆಂದೇ ನನ್ನ ಅಭಿಪ್ರಾಯ, ಆದರೆ ನಿಮ್ಮೂರಿನವರು ಪ್ರೀತಿಯಿಂದ ಅದನ್ನು ದಾಟಿದ್ದಾರೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ಬದಲಿಸಿ ಬರೆದರೆ ಸುಳ್ಳಾಗುವುದಿಲ್ಲವೇ? ಈ ಅಳುಕು ಒಳ್ಳೆಯ ಬರಹಗಾರನ ಲಕ್ಷಣ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಓದುಗನನ್ನು ಮೆಚ್ಚಿಸಲು ಸಂಗತಿಯನ್ನೇ ತಿರುಚುವವರು ಇದ್ದಾರೆ: ಅರ್ಜಿಯಲ್ಲಿ ನಷ್ಟವನ್ನು ಹಿಗ್ಗಿಸುತ್ತಾರೆ, ಕೃಷಿ ಲೇಖನದಲ್ಲಿ ಯಶಸ್ಸನ್ನು ಹಿಗ್ಗಿಸುತ್ತಾರೆ, ಪ್ರಬಂಧದಲ್ಲಿ ಬಾರದ ಕಣ್ಣೀರು ತರಿಸುತ್ತಾರೆ. ಅದು ಖಂಡಿತ ಸುಳ್ಳು. ನಾನು ಹೇಳುತ್ತಿರುವ ಬದಲಾವಣೆಯ ಗೆರೆ ಬಹಳ ಸ್ಪಷ್ಟವಾಗಿದೆ. ನಿಮ್ಮ ನಾಲ್ಕೂ ಬರಹಗಳನ್ನು ಒಬ್ಬನೇ ಮನುಷ್ಯನ ಮುಂದೆ ಇಟ್ಟು ಓದಿಸಿದರೆ ಒಂದರ ಸಂಗತಿ ಇನ್ನೊಂದನ್ನು ಅಲ್ಲಗಳೆಯಬಾರದು. ತಾರೀಖು, ಅಳತೆ, ಉದುರಿದ ಪ್ರಮಾಣ ನಾಲ್ಕರಲ್ಲೂ ಒಂದೇ ಇರಬೇಕು. ಯಾವುದನ್ನು ಎತ್ತಿ ಹೇಳಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ, ಯಾವುದನ್ನು ಮೊದಲು ಇಟ್ಟಿದ್ದೀರಿ ಎಂಬುದಷ್ಟೇ ಬೇರೆಯಾಗಬೇಕು. ಬಿಡುವುದರಲ್ಲೂ ಒಂದು ಮಿತಿಯಿದೆ. ಎರಡನೆಯ ಮದ್ದು ತಪ್ಪಿದ್ದನ್ನು ಕೃಷಿ ಲೇಖನದಲ್ಲಿ ಮರೆಮಾಚಿ ಕೊಟ್ಟೆಯ ಗುಣವನ್ನು ಮಾತ್ರ ಹೊಗಳಿದರೆ ಪ್ರತಿ ವಾಕ್ಯವೂ ನಿಜವಿದ್ದು ಲೇಖನ ಸುಳ್ಳಾಗುತ್ತದೆ, ಏಕೆಂದರೆ ಅದನ್ನು ನಂಬಿ ಇನ್ನೊಬ್ಬನು ಮದ್ದನ್ನೇ ಬಿಟ್ಟಾನು. ಓದುಗನು ತೆಗೆದುಕೊಳ್ಳುವ ತೀರ್ಮಾನವನ್ನು ಬದಲಿಸಬಲ್ಲ ಸಂಗತಿಯನ್ನು ಯಾವ ಪ್ರಕಾರದ ನೆಪದಲ್ಲೂ ಬಿಡುವಂತಿಲ್ಲ.

ನಮ್ಮ ಕಾವ್ಯಮೀಮಾಂಸೆ ಇದನ್ನು ಬಹಳ ಹಿಂದೆಯೇ ವಿಚಾರ ಮಾಡಿದೆ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ರಸಸಿದ್ಧ ಕಾವ್ಯದ ಜೀವಿತವೆಂದು ವಾದಿಸಿ, ಪದ, ವಾಕ್ಯಗಳಿಂದ ಹಿಡಿದು ಕಾಲ, ದೇಶ, ಲಿಂಗ, ವಚನಗಳವರೆಗೆ ಅದು ಎಲ್ಲೆಲ್ಲಿ ಕೆಲಸ ಮಾಡುತ್ತದೆಂದು ಉದಾಹರಣೆಗಳ ಸಹಿತ ತೋರಿಸಿದ. ಸಂದರ್ಭಕ್ಕೆ ತಕ್ಕದ್ದಾಗಿರುವುದು ಬರಹದ ಪ್ರಾಣಕ್ಕೇ ಸಂಬಂಧಿಸಿದ್ದೆಂದು ಅವನು ತಿಳಿದಿದ್ದ. ನಮ್ಮ ನೆಲದಲ್ಲೇ ನೋಡುವುದಾದರೆ ಯಕ್ಷಗಾನ ಪ್ರಸಂಗವನ್ನು ತೆಗೆದುಕೊಳ್ಳಿ. ಪ್ರಸಂಗಕರ್ತ ಪದ್ಯ ಕಟ್ಟುವುದು ಭಾಗವತನ ಕಂಠಕ್ಕಾಗಿ, ತಾಳಕ್ಕಾಗಿ. ಅದೇ ಪದ್ಯಕ್ಕೆ ಆಟದಲ್ಲಿ, ಅಂದರೆ ರಂಗದ ಮೇಲಿನ ಪ್ರದರ್ಶನದಲ್ಲಿ, ವೇಷಧಾರಿ ಮಾತಿನಲ್ಲಿ ಹೇಳುವ ಅರ್ಥ ಒಂದು ಅಳತೆಯದು, ಏಕೆಂದರೆ ಕುಣಿತವೂ ಕಥೆಯ ಓಟವೂ ಕಾದಿರುತ್ತವೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಸರ್ವಸ್ವ. ಅಲ್ಲಿ ಕುಳಿತ ಸಭೆ ವಾದವನ್ನು ಸವಿಯಲೆಂದೇ ಬಂದದ್ದು, ಹಾಗಾಗಿ ಅದೇ ಪದ್ಯದ ಅರ್ಥ ಬಹಳ ಹೊತ್ತು ಬೆಳೆಯುತ್ತದೆ. ಕಥೆ ಎರಡು ಕಡೆಯೂ ಒಂದೇ. ಕರ್ಣನ ಪಾತ್ರ ಮಾಡಿದ ಕಲಾವಿದ ಒಂದು ಕಡೆ ಸುಳ್ಳಾಡಿದ ಎಂದು ಯಾರೂ ಹೇಳುವುದಿಲ್ಲ.

ಬರೆದವರಲ್ಲಿ ನಮ್ಮ ಅಂಕೋಲೆಯ ದಿನಕರ ದೇಸಾಯಿಯವರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. ಭಾರತ ಸೇವಕ ಸಮಾಜದ ಸದಸ್ಯರಾಗಿ ಅವರು ನಾವಿಕ ಕಾರ್ಮಿಕರ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಅಧ್ಯಯನ ಬರೆದರು. ಅದರ ಓದುಗರು ಕಾನೂನು ಮಾಡುವವರು, ಕಾರ್ಮಿಕ ಸಂಘಟಕರು. ಅದೇ ದೇಸಾಯಿಯವರು ‘ಜನಸೇವಕ’ ವಾರಪತ್ರಿಕೆಯಲ್ಲಿ ನಾಲ್ಕು ಸಾಲಿನ ಚುಟುಕ ಬರೆದರು; ಅದರ ಓದುಗ ಸಂತೆಗೆ ಬಂದವನು, ಶಾಲಾ ಮಾಸ್ತರ, ಗೇಣಿದಾರ. ಬಡವನ ಪರವಾದ ಕಾಳಜಿ ಎರಡರಲ್ಲೂ ಒಂದೇ. ಅಧ್ಯಯನದಲ್ಲಿ ಪ್ರಾಸ ಬರಲಿಲ್ಲ, ಚುಟುಕದಲ್ಲಿ ಅಂಕಿ ಅಂಶ ತುಂಬಲಿಲ್ಲ.

ಕೆಲಸದ ಮಾತಿಗೆ ಬರುವುದಾದರೆ, ಇನ್ನು ಮುಂದೆ ಬರೆಯಲು ಕೂರುವಾಗ “ಎಲ್ಲರೂ ಓದಲಿ” ಎಂಬ ಆಸೆಯನ್ನು ಬದಿಗಿಡಿ. ನೀವು ನಿಜವಾಗಿ ಬಲ್ಲ ಒಬ್ಬರನ್ನು ಎದುರಿಗೆ ಕೂರಿಸಿಕೊಂಡಂತೆ ಬರೆಯಿರಿ. ಕೃಷಿ ಲೇಖನಕ್ಕೆ ಪಕ್ಕದ ಊರಿನ, ಸುಲಭಕ್ಕೆ ಒಪ್ಪದ ಒಬ್ಬ ಹಿರಿಯ ಬೆಳೆಗಾರರು. ದಿನಪತ್ರಿಕೆಗೆ ಕುಮಟೆಯಲ್ಲೋ ಕಾರವಾರದಲ್ಲೋ ಇರುವ, ತೋಟ ನೋಡದ ಒಬ್ಬ ಬಂಧುಗಳು. ಬರೆದು ಮುಗಿಸಿದ ಮೇಲೆ ಅವರಿಗೇ ಕೊಟ್ಟು ಓದಿಸಿ, “ಹೇಗಿದೆ” ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಎಲ್ಲಿ ಓದುವುದನ್ನು ನಿಲ್ಲಿಸಬೇಕೆನಿಸಿತು, ಎಲ್ಲಿ ಇನ್ನೂ ಬೇಕೆನಿಸಿತು ಎಂದು ಕೇಳಿ. ಕಳಿಸುವ ಮೊದಲು ಆ ಪತ್ರಿಕೆಯ ಹಿಂದಿನ ಕೆಲವು ಸಂಚಿಕೆಗಳನ್ನು ಮುಂದಿಟ್ಟುಕೊಂಡು ಲೇಖನಗಳ ಉದ್ದ, ಆರಂಭ, ಅವು ವಿವರಿಸದೆ ಬಿಡುವ ಶಬ್ದಗಳು ಇವನ್ನು ಗಮನಿಸಿ. ವಿವರಿಸದೆ ಬಿಟ್ಟ ಶಬ್ದಗಳಿಂದ ಆ ಪತ್ರಿಕೆ ತನ್ನ ಓದುಗನನ್ನು ಯಾರೆಂದು ತಿಳಿದಿದೆ ಎಂಬುದು ಬೇಗ ಗೊತ್ತಾಗುತ್ತದೆ.

ನಿಮ್ಮ ಒಂಬತ್ತು ಪುಟಗಳನ್ನು ಹರಿದುಹಾಕಬೇಡಿ. ಅದು ನಿಮ್ಮ ಮೂಲ ದಾಖಲೆ, ಅದರಿಂದ ಮೂರು ಬರಹಗಳು ಹೊರಬರಬೇಕಿದೆ. ಕೃಷಿ ಲೇಖನಕ್ಕೆ ಐದನೆಯ ಪುಟದಿಂದ ಆರಂಭಿಸಿ, ಮರಗಳ ಲೆಕ್ಕವನ್ನು ಇನ್ನೊಮ್ಮೆ ತೋಟಕ್ಕೆ ಹೋಗಿ ಸರಿನೋಡಿ. ದಿನಪತ್ರಿಕೆಯದನ್ನು ಮಾರುಕಟ್ಟೆ ಚುರುಕಾಗುವ ಹೊತ್ತಿಗೆ ಇಟ್ಟುಕೊಳ್ಳಬಹುದು. ಅರ್ಜಿಯನ್ನು ಮಾತ್ರ ಈ ವಾರವೇ ಹೊಸದಾಗಿ ಬರೆದು, ಪಹಣಿಯನ್ನೂ ಉದುರಿದ ಕಾಯಿಯ ತಾರೀಖು ಸಹಿತ ಚಿತ್ರಗಳನ್ನೂ ಲಗತ್ತಿಸಿ, ಆವಕ ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ; ಕೊನೆ ಕೊಯ್ಲು ಮುಗಿದ ಮೇಲೆ ಸ್ಥಳ ಪರಿಶೀಲನೆಗೆ ಬಂದವರಿಗೆ ನಿಮ್ಮ ತೋಟದಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.